ಉಪ್ಪು ಬಿಟ್ಟವರು

ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕ ಬರೆಯುವ ರೈಟರ್ ಆಗಿದ್ದಾಗಿನ ಮಾತು. ಒಂದು ಮಳೆಗಾಲ ಕೊಟ್ಟಿಗೆಹಾರದಿಂದ ಕಾಡುದಾರಿ ಹಿಡಿದು ಬರುತ್ತಿದ್ದೆ. ಘಟ್ಟ ಹತ್ತಿ ಬಂದ ಖಾದಿಯವರೊಬ್ಬರು ಜೊತೆಯಾದರು. ಮೂಡಿಗೆರೆಯಲ್ಲಿ ಭಾಷಣ ಮಾಡಬೇಕಂತೆ. ಬರಿಗಾಲು. ಮೊಣಕಾಲಿನವರೆಗೂ ಇಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿಕೊಂಡು ರಕ್ತ ಇಳಿಯುತ್ತಿತ್ತು.

ನಮ್ಮ ಕಡೆ ಮಳೆಗಾಲದಲ್ಲಿ ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಳ್ಳದೆ ಯಾರೂ ಕಾಡಿಗೆ ಇಳಿಯುವುದಿಲ್ಲ. ಮುಟ್ಟಿಸಿದರೆ ಸಾಕು, ಇಂಬಳ ಉದುರುತ್ತದೆ. ನಾನು ಕೋಲು ಚಾಚಿದೆ.

"ಬೇಡಿ," ಎಂದರು. "ಸುಂಕ ತೆಗೆಯೋ ತನಕ ಸರ್ಕಾರದ ಉಪ್ಪು ಮುಟ್ಟಲ್ಲ ಅಂತ ಪ್ರತಿಜ್ಞೆ ಮಾಡಿದ್ದೀನಿ."

"ತಿನ್ನೋಕಲ್ಲ ಮಾರಾಯ್ರೆ, ಕಾಲಿಗೆ."

"ಕಾಲೂ ನಂದೇ ಅಲ್ವಾ?"

ನಾನು ಕೋಲು ಹಿಂದಕ್ಕೆ ತೆಗೆದುಕೊಂಡೆ. "ಕಿತ್ತಾದ್ರೂ ಹಾಕಿ," ಅಂದೆ.

"ಹಿಂಸೆ ಆಗತ್ತೆ."

"ಯಾರಿಗೆ?"

"ಅದಕ್ಕೆ. ಹೊಟ್ಟೆ ತುಂಬಿದ್ಮೇಲೆ ತಾನೇ ಬಿಡತ್ತೆ, ನೀವು ಯೋಚನೆ ಮಾಡ್ಬೇಡಿ."

ಸ್ವಲ್ಪ ದೂರ ನಡೆದೆವು. ನನಗೆ ತಡೆಯಲಾಗಲಿಲ್ಲ. "ಹಂಗಾದ್ರೆ ಬ್ರಿಟಿಷರೂ ಹೊಟ್ಟೆ ತುಂಬಿದ್ಮೇಲೆ ಬಿಟ್ಟು ಹೋಗ್ತಾರೆ ಅಂತೀರಾ?"

ಅವರು ನಿಂತು ಕಾಲು ನೋಡಿಕೊಂಡರು. ನೇರಳೆ ಹಣ್ಣಿನಂತೆ ಉಬ್ಬಿದ ಒಂದು ಇಂಬಳ ಕೆಳಗೆ ಬಿತ್ತು.

"ಇಲ್ಲ," ಎಂದರು. "ಅದಕ್ಕೇ ಉಪ್ಪು ಬಿಟ್ಟಿದ್ದು."

ಕವಲುದಾರಿಯಲ್ಲಿ ಕೈಮುಗಿದು ಹೋದರು. ದೇಶಕ್ಕಾಗಿ ನಾನೂ ಏನಾದರೂ ಬಿಡಬೇಕು ಅನಿಸಿತು. ಕೋಲಿನಿಂದ ಉಪ್ಪಿನ ಗಂಟು ಬಿಚ್ಚಿ ಪೊದೆಗೆ ಎಸೆದೆ. ಹತ್ತು ಮಾರು ಹೋದವನು ವಾಪಸು ಬಂದು ಹುಡುಕಿದೆ. ಅವತ್ತು ನನಗೆ ಇಂಬಳ ಹತ್ತಿದ್ದೆಲ್ಲ ಆ ಪೊದೆಯಲ್ಲೇ.