ತೊಣ್ಣೂರು ಕೆರೆಯ ದಡದಲ್ಲಿ ಹಳದಿ ಕೊಡೆ

ಚೌಕಾಸಿ ಮಾಡದ ಗಿರಾಕಿಯನ್ನು ನಂಬಬೇಡ ಎಂದು ನಾನು ಅಂಗಡಿ ಇಟ್ಟ ಹೊಸದರಲ್ಲಿ ಯಾರೋ ಹೇಳಿದ್ದರು. ಹಳೆಯ ಸೈಕಲ್ಲು, ಟೈರು, ಕಬ್ಬಿಣ ಮಾರುತ್ತಾ ಅರ್ಧ ಆಯಸ್ಸು ಕಳೆದ ಮೇಲೆ ಆ ಮಾತನ್ನು ತಿದ್ದಿ ಹೇಳುತ್ತೇನೆ: ಅಂಥ ಗಿರಾಕಿ ಬಂದರೆ ಕುರ್ಚಿ ಹಾಕಿ ಕೂರಿಸಿ. ನನಗೆ ಸಿಕ್ಕಿದ್ದು ಒಬ್ಬಳೇ.

ನನ್ನ ಅಂಗಡಿ ಇರುವುದು ಶ್ರೀರಂಗಪಟ್ಟಣದಲ್ಲಿ, ಹಿಂದೆಯೇ ಮನೆ. ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಕಿರಂಗೂರಿನಿಂದ ಕೆ.ಆರ್. ಪೇಟೆಯವರೆಗೆ ಬೀದಿಬೀದಿ ಅಲೆದು, ಗುಜರಿ ಎತ್ತಿ ಕಟ್ಟಿದ್ದು. ಒಂದು ಬೆಳಿಗ್ಗೆ ಆಕೆ ಟ್ರಾಕ್ಟರಿನ ಸವೆದ ಟೈರು ಕೇಳಿಕೊಂಡು ಬಂದಳು. ಹೊಳೆಯಲ್ಲಿ ತೆಪ್ಪ ಹಾಕುತ್ತಿದ್ದವನ ಮಗಳು ಎಂಬ ಗುರುತು ನನಗಿತ್ತು. ಅಪ್ಪನ ಭುಜ ಕೈಕೊಟ್ಟ ಮೇಲೆ ಆಕೆಯೇ ಹುಟ್ಟು ಹಿಡಿದು, ಬಿದಿರಿನ ಬುಟ್ಟಿಯಂಥ ಆ ದುಂಡು ದೋಣಿಯಲ್ಲಿ ಪ್ರವಾಸಿಗರನ್ನು ವರ್ಷಗಟ್ಟಲೆ ಸುತ್ತಿಸಿದ್ದಳು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ತೆಪ್ಪ ಇಳಿಸುವಂತಿಲ್ಲ. ಆ ಬಿಡುವುಗಳಲ್ಲೇ ಮೈಸೂರಿಗೆ ಹೋಗಿ ವ್ಯಾಯಾಮದ ತರಬೇತಿ ಮುಗಿಸಿ, ಈಗ ಹೊಳೆದಂಡೆಯ ಮರಳಿನ ಮೇಲೆ ಹೆಂಗಸರಿಗೆ ಕಸರತ್ತು ಕಲಿಸುತ್ತಿದ್ದಳು.

ಟೈರಿಗೆ ನಾನು ದುಪ್ಪಟ್ಟು ಹೇಳಿದೆ. ಆಕೆ ಸುಮ್ಮನೆ ನಿಂತಳು. ಸ್ವಲ್ಪ ಇಳಿಸಿದೆ. ಆಗಲೂ ಸುಮ್ಮನೆ. ಮತ್ತೂ ಇಳಿಸಿದೆ.

"ಇಳ್ಯೋದು ಮುಗೀತಾ ಭಾಯ್?" ಎಂದಳು. "ಮುಗುದ್ ಮ್ಯಾಲೆ ಏಳಿ, ತಗಂಡೋಯ್ತೀನಿ."

ಆಮೇಲೆ ಆ ಟೈರನ್ನು, ನಾನೂ ನನ್ನ ಹಮಾಲಿಯೂ ಸೇರಿ ಅಲ್ಲಾಡಿಸಬೇಕಾದದ್ದನ್ನು, ಒಬ್ಬಳೇ ಬಗ್ಗಿ ಎತ್ತಿ ಮಗುಚಿ, ಮತ್ತೆ ಎತ್ತಿ ಮಗುಚಿ, ರಸ್ತೆಯುದ್ದಕ್ಕೂ ಹೊಳೆಯ ಕಡೆಗೆ ಹೋದಳು. ಅರ್ಧ ಬೀದಿ ಕೆಲಸ ಬಿಟ್ಟು ನೋಡಿತು. ನಾನೂ ನೋಡಿದೆ. ಕೈಯಲ್ಲಿದ್ದ ಟೀ ಆರಿಹೋಗಿತ್ತು.

ನನ್ನ ಹೆಂಡತಿಗೆ ಮಂಡಿನೋವು, ಸಕ್ಕರೆ ಕಾಯಿಲೆ ಎರಡೂ ಇತ್ತು. ಅಕ್ಕಪಕ್ಕದವರ ಜೊತೆ ಅವಳೂ ಹೊಳೆದಂಡೆಗೆ ಹೋಗತೊಡಗಿದಳು. ಐದು ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಎತ್ತುವುದು, ಮರಳಿನಲ್ಲಿ ಬರಿಗಾಲಲ್ಲಿ ಬೀಸಾಗಿ ನಡೆಯುವುದು, ಇಂಥವೇ. ಕೆಲವು ತಿಂಗಳಲ್ಲಿ ಮಾಳಿಗೆಯ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತಿದಳು. ಮಂಡಿನೋವಿನವರಿಗೆ ನನ್ನ ಸಲಹೆ ಇಷ್ಟೇ: ಎಣ್ಣೆ ತಿಕ್ಕಿಸಿಕೊಂಡದ್ದು ಸಾಕು, ಕ್ಯಾನು ಎತ್ತಿ.

ಆ ವರ್ಷವೇ ಮೈಸೂರಿನ ಒಂದು ಮನೆಯಿಂದ ಬಾಗಿದ ಹ್ಯಾಂಡಲಿನ ಒಂದು ಓಟದ ಸೈಕಲ್ಲು ನನ್ನ ಅಂಗಡಿಗೆ ಬಂತು. ಆಕೆ ಅದರ ಮುಂದೆ ಮೂರು ದಿನ ನಿಂತು ಹೋದಳು. ನಾಲ್ಕನೇ ದಿನ ವಿಷಯ ಹೇಳಿದಳು. ಈಜು, ಸೈಕಲ್ಲು, ಓಟ ಮೂರನ್ನೂ ಒಂದರ ಬೆನ್ನಿಗೆ ಒಂದು ನಿಲ್ಲದೆ ಮುಗಿಸುವ ಪಂದ್ಯವೊಂದಿದೆ, ಅದಕ್ಕೆ ಟ್ರಯತ್ಲಾನ್ ಎನ್ನುತ್ತಾರೆ, ತಾನು ಹೋಗಬೇಕು.

"ಸೈಕಲ್ ಕೊಡಿ ಭಾಯ್. ಮುಗ್ಸುದ್ರೆ ನಂದು. ಮುಗಿಸ್ನಿಲ್ಲ ಅಂದ್ರೆ ತಂದು ಇಲ್ಲೇ ನಿಲ್ಲುಸ್ತೀನಿ."

"ನೀನ್ ಮುಗ್ಸುದ್ರೆ ನನಗೇನಮ್ಮ ಬಂತು?"

"ಅಕ್ಕನ ಮಂಡಿಗೆ ನಾನ್ ಏನಾರ ಇಸ್ಕೊಂಡಿದ್ನಾ?"

ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು. "ಕೊಡ್ರೀ ಸುಮ್ಕೆ. ಡಾಕ್ಟ್ರತ್ರಾನೇ ಒಂದ್ ಮಾತ್ರೆ ಕಮ್ಮಿ ಮಾಡಿ ಅಂತ ಚೌಕಾಸಿ ಮಾಡೋರು ಇವ್ರು."

ಕೊಟ್ಟೆ. ಹಳೆಯ ಸೈಕಲ್ಲು ಕೊಳ್ಳುವವರು ಬಣ್ಣ ನೋಡಬೇಡಿ, ಚಕ್ರ ಎತ್ತಿ ತಿರುಗಿಸಿ ಸದ್ದು ಕೇಳಿ. ಆ ಸೈಕಲ್ಲಿಗೆ ಸದ್ದೇ ಇರಲಿಲ್ಲ.

ಭಾನುವಾರಗಳಲ್ಲಿ ಆಕೆ ಪಾಂಡವಪುರದ ಮೇಲೆ ನಾಗಮಂಗಲದವರೆಗೆ ತುಳಿಯುತ್ತಿದ್ದಳು. ನೀರು, ಬಾಳೆಹಣ್ಣು ಇಟ್ಟುಕೊಂಡು ನಾನು ಗೂಡ್ಸ್ ಆಟೋದಲ್ಲಿ ಹಿಂದೆ. ನಮ್ಮ ಕಬ್ಬಿನ ಗದ್ದೆಗಳು ಮುಗಿದು ತೆಂಗು, ರಾಗಿಹೊಲ ಶುರುವಾದ ಮೇಲೆ ಏರುಗಳು ಬರುತ್ತವೆ. ಅಲ್ಲಿ ನನ್ನ ಆಟೋ ಗೊರಗುಟ್ಟುತ್ತಿತ್ತು, ಆಕೆ ಉಸಿರೂ ಕೇಳದ ಹಾಗೆ ಹತ್ತುತ್ತಿದ್ದಳು. ನಾಗಮಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ ಎಳನೀರಿನವನೊಬ್ಬ ನನ್ನ ಆಟೋ ತಡೆದು ಕೇಳಿದ:

"ಏನ್ ಸಾಬ್ರೆ, ಆ ಎಣ್ಮಗ್ಳು ನಿಮ್ ಸೈಕಲ್ ಕದ್ಕಂಡ್ ಓಯ್ತಾವ್ಳಾ? ಅಟ್ಟುಸ್ಕಂಡ್ ಬಂದ್ರಾ?"

"ಕದ್ದಿದ್ರೆ ಇಷ್ಟೊತ್ಗೆ ಬಿಟ್ಬುಟ್ಟು ಮನೇಗೆ ಓಗಿರ್ತಿದ್ದೆ ಕಣಪ್ಪ. ಇವ್ಳುನ್ನ ಇಡ್ಯಕ್ ಆದದಾ?" ಎಂದೆ.

ಪಂದ್ಯ ನಡೆದದ್ದು ಮೈಸೂರಿನ ಆಚೆಯ ಒಂದು ದೊಡ್ಡ ಕೆರೆಯಲ್ಲಿ. ಸೈಕಲ್ಲಿನ ಬಗ್ಗೆ, ಓಟದ ಬಗ್ಗೆ ನಮಗೆ ಸ್ವಲ್ಪ ಅಳುಕಿತ್ತು. ಈಜಿನ ಬಗ್ಗೆ ಯಾರಿಗೂ ಇರಲಿಲ್ಲ. ಹೊಳೆಯಲ್ಲಿ ಹುಟ್ಟಿದವಳಿಗೆ ಕೆರೆ ಯಾವ ಲೆಕ್ಕ? ಆದರೆ ನೀರಿಗಿಳಿದ ಸ್ವಲ್ಪ ಹೊತ್ತಿಗೇ ಆಕೆಯ ಟೋಪಿ ಉಳಿದವರಿಂದ ಎಡಕ್ಕೆ ಸರಿಯಿತು. ನೀರಿನ ಮೇಲೆ ತೇಲಿಬಿಟ್ಟಿದ್ದ ಕಿತ್ತಳೆ ಬಣ್ಣದ ಗುರುತನ್ನು ಬಿಟ್ಟು ಎತ್ತಲೋ ಹೋಗಿ, ಮತ್ತೆ ತಿರುಗಿ ಬಂದು ಅದನ್ನು ಸುತ್ತಿದಳು. ವಾಪಸು ಬರುವಾಗ ತನ್ನ ಬಲಕ್ಕೆ, ಅಂದರೆ ಮತ್ತೆ ಅದೇ ಕಡೆಗೆ, ಸರಿದಳು. ಎಲ್ಲರಿಗಿಂತ ಜೋರಾಗಿಯೇ ಈಜಿದಳು, ಎಲ್ಲರಿಗಿಂತ ಹೆಚ್ಚು ದೂರ ಈಜಿದಳು. ದಡ ಹತ್ತಿದಾಗ ಉಳಿದಿದ್ದು ಆಕೆಯ ಸೈಕಲ್ಲೊಂದೇ. ಗಡಿಯಾರ ಹಿಡಿದಿದ್ದವರು ಹೊತ್ತು ಮೀರಿತೆಂದು ಕೈ ಅಡ್ಡ ಹಿಡಿದರು.

ಏನಾಯಿತೆಂದು ಆಟೋದಲ್ಲಿ ಬರುವಾಗ ಆಕೆಯೇ ಬಿಡಿಸಿ ಹೇಳಿದಳು. ಹೊಳೆ ದಾಟುವವರು ಎದುರು ದಡದ ಮರವನ್ನು ತಲುಪಬೇಕಾದರೆ ಮರದ ಕಡೆಗೆ ಹೋಗುವುದಿಲ್ಲ. ಅದಕ್ಕಿಂತ ಮೇಲಿನ ಬಂಡೆಗೆ ಗುರಿ ಹಿಡಿಯುತ್ತಾರೆ. ಹರಿವು ಕೆಳಕ್ಕೆ ತಳ್ಳಿ ಮರಕ್ಕೆ ತಂದು ಮುಟ್ಟಿಸುತ್ತದೆ. ಹುಟ್ಟು ಹಿಡಿದ ಅಷ್ಟು ವರ್ಷವೂ ಮೈ ಇದನ್ನೇ ಕಲಿತಿದೆ. ಹರಿವೇ ಇಲ್ಲದ ಕೆರೆಯಲ್ಲೂ ಆಕೆಯ ಮೈ ಮೇಲಿನ ಬಂಡೆಯನ್ನು ಹುಡುಕಿಕೊಂಡು ಹೋಗಿತ್ತು.

"ತಳ್ತದೆ ತಳ್ತದೆ ಅಂತ ಕಾಯ್ದೆ ಭಾಯ್. ಯಾರೂ ತಳ್ನಿಲ್ಲ," ಎಂದಳು.

ಮಾರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಸೈಕಲ್ಲು ನಿಂತಿತ್ತು. ತೊಳೆದು, ಚೈನಿಗೆ ಎಣ್ಣೆ ಹಾಕಿ, ಪಕ್ಕದಲ್ಲಿ ಆಕೆ.

"ಇಟ್ಕಳಮ್ಮ. ನನ್ನಂಗ್ಡೀಲಿ ಜಾಗ ಇಲ್ಲ," ಎಂದೆ.

ಆಕೆ ಒಳಗೆ ಇಣುಕಿ, "ಎರಡು ಎಮ್ಮೆ ಕಟ್ಬೋದು," ಎಂದಳು.

"ಮುಂದಿನ್ ಪಂದ್ಯದ್ ಗಂಟ ಇಟ್ಕೊ."

"ಮಾತ್ ಆಗಿತ್ತಲ್ಲ. ನೆಟ್ಟುಗೆ ಈಜೋದು ಯಾವತ್ತು ಬತ್ತದೋ ಅವತ್ತು ನಾನೇ ಕೇಳ್ತೀನಿ."

ಒಂದು ವಸ್ತುವನ್ನು ತೆಗೆದುಕೊಳ್ಳಿ ಎಂದು ಗೋಗರೆದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅದರಲ್ಲೂ ಸೋತೆ. ಟೀ ಅಂಗಡಿಯಲ್ಲಿ ಆಗಲೇ ಮಾತು ಶುರುವಾಗಿತ್ತು. "ತೆಪ್ಪದೋಳು ನೀರ್ನಲ್ಲೇ ಸೋತ್ಬುಟ್ಲಂತೆ ಕಣ್ಲಾ. ಇನ್ನ ನಮ್ಮೆಂಗಸ್ರುಗೆ ಏನ್ ಕಲಿಸ್ತಾಳ್ಲಾ?" ಮರಳಿನ ಮೇಲೆ ಬರುತ್ತಿದ್ದ ಇಪ್ಪತ್ತು ಹೆಂಗಸರು ಆರಕ್ಕೆ ಇಳಿದರು. ಆಕೆ ಆ ಆರು ಜನಕ್ಕೂ ಮೊದಲಿನ ಹೊತ್ತಿಗೇ ಬಂದು ಕಲಿಸಿದಳು.

ನಿಂತ ನೀರು ಬೇಕೆಂದು ಭಾನುವಾರಗಳಲ್ಲಿ ನನ್ನ ಆಟೋ ಹತ್ತಿ ಪಾಂಡವಪುರದ ಆಚೆಯ ತೊಣ್ಣೂರು ಕೆರೆಗೆ ಹೋಗತೊಡಗಿದಳು. ಸೊಂಟಕ್ಕೆ ಗಾಳಿ ತುಂಬಿದ ಟ್ಯೂಬು ಕಟ್ಟಿಕೊಂಡು ಒಂದು ಮೂಲೆಯಿಂದ ಈಜಿ ಬರುವುದು. ಎದುರು ದಡದಲ್ಲಿ ನನ್ನ ಹೆಂಡತಿಯ ಹಳದಿ ಕೊಡೆ ಬಿಚ್ಚಿಕೊಂಡು ನಾನು ನಿಲ್ಲುವುದು. ಕೊಡೆಯೇ ಗುರಿ. ಮೊದಲ ವಾರ ನನ್ನಿಂದ ಐವತ್ತು ಹೆಜ್ಜೆ ಆಚೆ ಬಂದು ದಡ ಮುಟ್ಟಿದಳು. ಎರಡನೇ ವಾರ ಮೂವತ್ತು. ಮೂರನೇ ವಾರ ಹತ್ತೇ ಹೆಜ್ಜೆ. ನನಗೆ ಖುಷಿಯೋ ಖುಷಿ. ಆಕೆ ಮಾತ್ರ ನೀರಿನಲ್ಲೇ ನಿಂತು ನನ್ನ ಹಿಂದಿನ ಮರಳು ನೋಡುತ್ತಿದ್ದಳು. ನನ್ನ ಹೆಜ್ಜೆ ಗುರುತುಗಳು ಸಾಲಾಗಿ ಬಿದ್ದಿದ್ದವು.

"ಭಾಯ್, ನೀವು ನನ್ ಕಡೀಕೆ ನಡೀತಿದ್ರಾ?"

"ಸ್ವಲ್ಪ... ನೀನು ಅತ್ಲಾಗ್ ಬತ್ತಿದ್ದೆ, ನಾನೂ ನಾಕೆಜ್ಜೆ ಇಟ್ಟೆ."

"ಗುರೀನೇ ಜರುಗ್ಬುಟ್ರೆ ನಾನ್ ಎಲ್ಗ್ ಬರ್ಲಿ?"

ಎದುರಿನವರು ಒಂದು ಹೆಜ್ಜೆ ಬಂದರೆ ನಾನೊಂದು ಹೆಜ್ಜೆ ಹೋಗುವುದು, ನಡುವೆ ಎಲ್ಲೋ ಕೈ ಕುಲುಕುವುದು: ಇದನ್ನು ಮಾಡಿಯೇ ನಾನು ಮನೆ ಕಟ್ಟಿದ್ದು, ಮಕ್ಕಳ ಮದುವೆ ಮಾಡಿದ್ದು. ಆಕೆಯ ಮೈಗೆ ಹೊಳೆ ಅಂಟಿಕೊಂಡ ಹಾಗೆ ನನ್ನ ಕಾಲಿಗೆ ಚೌಕಾಸಿ ಅಂಟಿಕೊಂಡಿದೆ ಎಂದು ಆ ದಿನ ಗೊತ್ತಾಯಿತು. ಮುಂದಿನ ವಾರ ಕೊಡೆಯ ಕಾವನ್ನು ಎರಡು ಬಂಡೆಗಳ ನಡುವೆ ಸಿಕ್ಕಿಸಿ, ಅದರಲ್ಲೊಂದರ ಮೇಲೇ ಕೂತೆ. ಆಕೆ ಅರವತ್ತು ಹೆಜ್ಜೆ ಆಚೆ ದಡ ಮುಟ್ಟಿದಳು. ನಾನು ಏಳಲಿಲ್ಲ. ಹಾಗೆ ಏಳದೆ ಕೂರುವುದು ಎಷ್ಟು ಕಷ್ಟ ಎಂದು ಓದುವವರಿಗೆ ಹೇಗೆ ಹೇಳಲಿ. ಯಾರಿಗಾದರೂ ನಿಜಕ್ಕೂ ಸಹಾಯ ಮಾಡಬೇಕೆಂದಿದ್ದರೆ ಒಮ್ಮೆ ಕೂತು ನೋಡಿ.

ಎಷ್ಟು ಭಾನುವಾರಗಳಾದವೋ. ಒಮ್ಮೆ ನಲವತ್ತು ಹೆಜ್ಜೆ ಆಚೆ, ಒಮ್ಮೆ ನಲವತ್ತೈದು, ಮತ್ತೆ ಐವತ್ತು. ಒಂದು ದಿನವೂ ಆಕೆ ಕೊಡೆಯನ್ನು ಇತ್ತ ಸರಿಸಿ ಎನ್ನಲಿಲ್ಲ.

ಆ ಬೆಳಿಗ್ಗೆ ಕೆರೆ ತಟ್ಟೆಯ ಹಾಗಿತ್ತು. ದೂರದಲ್ಲಿ ಆಕೆಯ ತಲೆ ಒಂದು ಚುಕ್ಕೆ. ಆ ಚುಕ್ಕೆ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ, ದೊಡ್ಡದಾಗುತ್ತಾ ಬಂತು. ಹಿಂದೆ ನೀರು ನೂಲು ಹಿಡಿದ ಹಾಗೆ ಸೀಳಿ ಮತ್ತೆ ಕೂಡುತ್ತಿತ್ತು. ಕೈಗಳು ಏಳುತ್ತಾ ಬೀಳುತ್ತಾ ನನ್ನ ಕಡೆಗೇ ಬರುತ್ತಿರುವಾಗ ಬಂಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ. ಆಕೆ ಸೊಂಟಮಟ್ಟದ ನೀರಿನಲ್ಲಿ ಎದ್ದು ನಿಂತು, ಮುಖ ಒರೆಸಿಕೊಂಡು, ನಾಲ್ಕು ಹೆಜ್ಜೆ ನಡೆದು ಬಂದು ಕೊಡೆಯ ಬಟ್ಟೆ ಮುಟ್ಟಿದಳು.

"ಸೈಕಲ್ ಕೊಡಿ ಭಾಯ್."

"ಆಟೋದಲ್ಲೇ ಅದೆ," ಎಂದೆ. ಪ್ರತಿ ಭಾನುವಾರವೂ ಟಾರ್ಪಾಲು ಮುಚ್ಚಿ ತರುತ್ತಿದ್ದೆ.

"ಗೊತ್ತು. ಮೊದಲ್ನೇ ವಾರದಿಂದ್ಲೂ ಹ್ಯಾಂಡ್ಲು ಕಾಣ್ತಿತ್ತು."

ಒದ್ದೆ ಕೂದಲು ಕಟ್ಟಿಕೊಂಡು, ಬೂಟು ಏರಿಸಿ, ಪಾಂಡವಪುರದ ದಾರಿ ಹಿಡಿದಳು. ನಾನು ಕೊಡೆ ಮಡಚಿ ಆಟೋ ಶುರು ಮಾಡುವಷ್ಟರಲ್ಲಿ ತಿರುವಿನಲ್ಲಿ ಮರೆಯಾಗಿದ್ದಳು. ಬಾಳೆಹಣ್ಣು, ನೀರು ಎಲ್ಲ ನನ್ನ ಪಕ್ಕದಲ್ಲೇ ಉಳಿದಿತ್ತು.