ಕರಿಕೋಳಿಯ ಉಸಿರು

ಆಗೆಲ್ಲ ನಮ್ಮ ಹತ್ತಿಮತ್ತೂರಿನಲ್ಲಿ ಸುಗ್ಗಿಯೆಂದರೆ ಅಂಗಳದ ತುಂಬ ಗೋವಿನಜೋಳ. ಸುಲಿದ ಸಿಪ್ಪೆಯ ಹಸಿವಾಸನೆ ಹಾಸಿಗೆಗೂ ಹತ್ತಿಕೊಂಡಿರುತ್ತಿತ್ತು. ಕೆಂಡದಲ್ಲಿ ಸುಟ್ಟ ತೆನೆ ತಿಂದು ಮಕ್ಕಳ ತುಟಿಗಳೆಲ್ಲ ಕರ್ರಗಾಗಿರುತ್ತಿದ್ದವು. ಅಂಥ ಅಂಗಳ ಕಂಡವರಿಗೆ ಅದನ್ನು ಕೆದರುತ್ತಿದ್ದ ಕೋಳಿಗಳೂ ನೆನಪಿರಬೇಕು.

ನಾನು ನಾಲ್ಕನೆಯ ಇಯತ್ತೆಯಲ್ಲಿದ್ದೆ. ಆ ವರ್ಷದ ಬೇಸಿಗೆಯಲ್ಲಿ ಅಕ್ಕ ಮದುವೆಯಾಗಿ ರಟ್ಟೀಹಳ್ಳಿಗೆ ಹೋಗಿದ್ದಳು. ನನಗೆ ಜಡೆ ಹಾಕುತ್ತಿದ್ದವಳು, ತನ್ನ ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿದ್ದವಳು ಅವಳೇ. ಅಪ್ಪ, ಅವ್ವ ದಿನವಿಡೀ ಹೊಲದಲ್ಲಿ. ಶಾಲೆ ಬಿಟ್ಟು ಬಂದರೆ ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು ಬಲಗೈದೊಂದು ಪಾಳಿ, ಎಡಗೈದೊಂದು ಪಾಳಿ ಎಂದು ಒಬ್ಬಳೇ ಗಜಗ ಆಡುತ್ತಿದ್ದೆ. ಎಡಗೈ ಯಾವಾಗಲೂ ಸೋಲುತ್ತಿತ್ತು. ಅಕ್ಕ ಸಾಕಿದ ಕರಿಕೋಳಿಯೊಂದು ಬಂದು ನನ್ನ ಕಾಲ ಬಳಿ ಕೂರುತ್ತಿತ್ತು. ಅದರ ಜೊತೆ ಮಾತಾಡುತ್ತಿದ್ದೆ. ಬೇರೆ ಯಾರಿದ್ದರು?

ಒಂದು ಭಾನುವಾರ ಬೆಳಿಗ್ಗೆ, ರಾತ್ರಿ ಕೋಳಿಗಳ ಮೇಲೆ ಮುಚ್ಚಿದ್ದ ಬುಟ್ಟಿ ಎತ್ತಿದರೆ ಉಳಿದ ಕೋಳಿಗಳೆಲ್ಲ ಓಡಿದವು, ಇದೊಂದು ಅಲ್ಲೇ ಕೂತಿತ್ತು. ಕತ್ತು ಚಾಚಿ, ಕೊಕ್ಕು ತೆರೆದು ಉಸಿರಿಗಾಗಿ ಒದ್ದಾಡುತ್ತಿತ್ತು. ಹಿಂದಿನ ವರ್ಷ ಓಣಿಯಲ್ಲಿ ಕೊಕ್ಕರೆ ರೋಗ ಬಂದು ಎಷ್ಟೋ ಮನೆಯ ಕೋಳಿಗಳು ಸತ್ತಿದ್ದವು. ಅವ್ವ ನೋಡಿದವಳೇ ಅದನ್ನು ಬೇರೆ ಬುಟ್ಟಿಯಲ್ಲಿ ಮುಚ್ಚಿದಳು.

“ಉಳಿದವಕ್ಕ ಹತ್ತೂಕಿಂತ ಮೊದ್ಲ ಕೊಯ್ಯೂದ ಚಲೋ. ಸಂಜಿಕ ನಿಮ್ಮಪ್ಪ ಬರ್ಲಿ,” ಎಂದಳು.

ನಾನು ಪಕ್ಕದ ಮನೆಯ ಖತೀಜಾ ಚಾಚಿಯ ಹತ್ತಿರ ಓಡಿದೆ. ಅವರ ಮಗ ಕೊಡಿಸಿದ್ದ ಮೊಬೈಲು ಅವರ ಬಳಿ ಇತ್ತು. ಅಳುತ್ತಿದ್ದ ನನ್ನನ್ನು ನೋಡಿ ಚಾಚಿ ಏನೂ ಕೇಳದೆ ಅಕ್ಕನ ಮನೆಗೆ ಫೋನು ಹಚ್ಚಿಕೊಟ್ಟರು. ಅಕ್ಕ ಒಂದೊಂದಾಗಿ ಕೇಳಿದಳು. ಸೀನುತ್ತದೆಯೇ, ಮೂಗಿನಲ್ಲಿ ನೀರಿದೆಯೇ, ಮೋರೆ ಬಾತಿದೆಯೇ, ಬೇರೆ ಕೋಳಿಗಳು ಹೇಗಿವೆ. ಅಂಥದ್ದೇನೂ ಇಲ್ಲ, ಉಳಿದವು ಆರಾಮಾಗಿವೆ ಎಂದೆ. ಫೋನನ್ನು ಕೋಳಿಯ ಬಾಯಿಯ ಹತ್ತಿರ ಹಿಡಿ ಎಂದಳು. ನಮ್ಮ ಅಂಗಳಕ್ಕೆ ಬಂದು ಹಿಡಿದೆ. ಹಿಂದೆ ಕೊಟ್ಟಿಗೆಯಲ್ಲಿ ಅವ್ವ ಎಮ್ಮೆಗೆ ಬೈಯುತ್ತಿದ್ದಳು. ಆಚೆಯಿಂದ ಬಹಳ ಹೊತ್ತು ಮಾತೇ ಇಲ್ಲ.

“ಕೇಳಾಕತ್ತೇತೇನು ಅಕ್ಕ?”

“ಹೂಂ. ಇನ್ನ ಸ್ವಲ್ಪ ಹಂಗ ಹಿಡಿ.”

ಆಮೇಲೆ ಅಕ್ಕ, ಗರಗರ ಸಪ್ಪಳವಿಲ್ಲ, ರೋಗವಿರಲಿಕ್ಕಿಲ್ಲ, ಕುತ್ತಿಗೆಯ ಬುಡದಲ್ಲಿರುವ ಕಾಳಿನ ಚೀಲ ಮುಟ್ಟಿ ನೋಡು ಎಂದಳು. ಮುಟ್ಟಿದೆ. ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಬರಿದಾಗಬೇಕಿದ್ದ ಚೀಲ ಚೆಂಡಿನಂತೆ ಗಟ್ಟಿಯಾಗಿತ್ತು. ತೆನೆಯ ಕೂದಲು, ಸಿಪ್ಪೆಯ ನಾರು ತಿಂದು ಕಟ್ಟಿಕೊಂಡಿರಬೇಕು, ಅದೇ ಉಸಿರು ಒತ್ತುತ್ತಿದೆ ಎಂದಳು. ಕಾಳು ಹಾಕಬಾರದು, ಉಗುರುಬೆಚ್ಚಗಿನ ನೀರಿಡಬೇಕು, ಕೊಕ್ಕಿನ ಬದಿಯಿಂದ ಒಂದೆರಡು ಹನಿ ಶೇಂಗಾ ಎಣ್ಣೆ ಬಿಟ್ಟು ಚೀಲವನ್ನು ಮೆಲ್ಲಗೆ ನೀವಬೇಕು.

“ತಲಿಕೆಳಗ ಮಾಡಿ ಹಿಂಡಬ್ಯಾಡ. ಒಳಗಿನ ನೀರು ಉಸಿರಿನ ದಾರಿಗೆ ಹೋದ್ರ ಸಾಯ್ತೈತಿ.”

ಸಂಜೆ ಅಪ್ಪ ಮುಟ್ಟಿ ನೋಡಿಯೇ ಹೇಳಲಿ ಎಂದು ಅವ್ವ ಒಪ್ಪಿದಳು. ನಾನು ಕೋಳಿಯನ್ನು ತೊಡೆಯ ಮೇಲಿಟ್ಟುಕೊಂಡು ನೀವುತ್ತ ಕೂತೆ. ನಾನುಟ್ಟ ಪರಕಾರವೆಲ್ಲ ಎಣ್ಣೆಯಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಬೆರಳಿನ ಕೆಳಗೆ ಆ ಗಂಟು ನೆನೆದ ಹಿಟ್ಟಿನಂತೆ ಸಡಿಲವಾಗತೊಡಗಿತು. ಅಪ್ಪ ಬಂದು ಮುಟ್ಟಿ ನೋಡಿ, ಇರಲಿ ಬಿಡು ಎಂದು ಕೈಕಾಲು ತೊಳೆಯಲು ಹೋದ. ಮರುದಿನ ಬೆಳಿಗ್ಗೆ ಕೋಳಿ ಕೊಕ್ಕು ಮುಚ್ಚಿಕೊಂಡು ಉಸಿರಾಡುತ್ತಿತ್ತು. ನಾಲ್ಕಾರು ದಿನಗಳಲ್ಲಿ ಮತ್ತೆ ಅಂಗಳ ಕೆದರತೊಡಗಿತು.

ದೀಪಾವಳಿಗೆ ಅಕ್ಕ ಬಂದಳು. ಕೋಳಿ ಅವಳ ಗುರುತು ಮರೆತು ನನ್ನ ಹಿಂದೆ ಸರಿದು ನಿಂತಿತು. ಅಕ್ಕ ನಕ್ಕಳು. ಆಮೇಲೆ ನನ್ನ ತಲೆ ಬಾಚುತ್ತ ಮೆಲ್ಲಗೆ ಹೇಳಿದಳು:

“ಅವತ್ತ ಕೋಳಿ ಉಸಿರು ನನಗ ಲಗೂನ ತಿಳೀತು. ಆದ್ರ ಫೋನಿನ್ಯಾಗ ಹಿಂದ ಅವ್ವ ಎಮ್ಮಿಗೆ ಬೈಯಾಕತ್ತಿದ್ಲು ನೋಡು, ಅದನ್ನ ಕೇಳ್ಕೋತ ನಿಂತಿದ್ದೆ.”

ಒಂಟಿಯಾಗಿರುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಹಾಕಿದ ಜಡೆ ಸಡಿಲಾಯಿತು, ಬಿಚ್ಚಿ ಇನ್ನೊಮ್ಮೆ ಹಾಕು ಎಂದೆ. ಅವಳು ಬಿಚ್ಚಿ ಮತ್ತೆ ಹಾಕಿದಳು.

ಮುಂದೆ ನಾನೂ ಮದುವೆಯಾಗಿ ಹಾನಗಲ್ಲಿಗೆ ಹೋದೆ. ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಮನೆ ಬೇರೆಯವರದಾಗಿದೆ, ಅಂಗಳಕ್ಕೆ ಸಿಮೆಂಟು ಬಿದ್ದಿದೆ. ಅಕ್ಕ, ನಾನು ದಿನ ಬಿಟ್ಟು ದಿನ ಫೋನಿನಲ್ಲಿ ಮಾತಾಡುತ್ತೇವೆ. ಮಕ್ಕಳ ಓದು, ಮೊಣಕಾಲು ನೋವು, ಏನು ಅಡಿಗೆ ಎಂಬುದೆಲ್ಲ ಮುಗಿದ ಮೇಲೆ ಇಬ್ಬರಲ್ಲೊಬ್ಬರು, “ಊರಾಗ ಏನು ಸುದ್ದಿ?” ಎಂದು ಕೇಳುತ್ತೇವೆ. ಹೇಳಲು ಇಬ್ಬರಿಗೂ ಏನೂ ಗೊತ್ತಿರುವುದಿಲ್ಲ.