ಕೆಂಚಿಗೆ ಕೊಟ್ಟ ಬೀರು

ಮೊನ್ನೆ ಅಡುಗೆಮನೆಯ ಮೂಲೆ ಕಪಾಟನ್ನು ಖಾಲಿ ಮಾಡುತ್ತಿದ್ದೆ. ಕಾರಣವನ್ನು ನಿಮ್ಮ ಹತ್ತಿರ ಮಾತ್ರ ಹೇಳುತ್ತೇನೆ. ಈಚೆಗೆ ಮನೆ ತುಂಬಿಸಿಕೊಂಡ ಸೊಸೆ ಸಂಪಾಜೆ ಕಡೆಯವಳು. ತವರಿಂದ ಬರುವಾಗ ಒಂದು ಭರಣಿ ಉಪ್ಪುಸೊಳೆ ತಂದಿದ್ದಾಳೆ. ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಏನಾಗುತ್ತದೋ ಅದು. ಪಲ್ಯ ಮಾಡಿದರೆ ಬಲು ರುಚಿ, ಆದರೆ ಭರಣಿಯ ಬಾಯಿ ತೆರೆದಾಗ ನಾನು ಕಿಟಕಿಯ ಕಡೆ ಮುಖ ಮಾಡಬೇಕಾಗುತ್ತದೆ. ಅವಳು ಪೇಟೆಗೆ ಹೋದ ಹೊತ್ತು ನೋಡಿ ಭರಣಿಯನ್ನು ಹಿತ್ತಿಲ ಜಗಲಿಗೆ ಸಾಗಿಸಿ, ಕಪಾಟಿನ ಹಲಗೆಯನ್ನು ಸೋಪಿನ ನೀರಿನಲ್ಲಿ ಉಜ್ಜುತ್ತಿದ್ದೆ. ಹಿಂದಿನ ಮೂಲೆಯಲ್ಲಿ ಏನೋ ತಣ್ಣಗೆ ಕೈಗೆ ತಗುಲಿತು. ಅಂಗೈಯಗಲದ ಪಿಂಗಾಣಿ ಬಟ್ಟಲು, ಅಂಚು ಒಂದು ಕಡೆ ಒಡೆದದ್ದು, ನಡುವೆ ಒಂದು ದಿಬ್ಬ. ಬೀರುವಿನ ಕಾಲು ಆ ದಿಬ್ಬದ ಮೇಲೆ ಕೂರಬೇಕು, ಸುತ್ತ ನೀರು ನಿಲ್ಲಬೇಕು, ಇರುವೆ ದಾಟಬಾರದು.

ಉಜ್ಜುವುದನ್ನು ಬಿಟ್ಟು ನೆಲದ ಮೇಲೆ ಕೂತುಬಿಟ್ಟೆ.

ಕೊಡಗು ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ಅಷ್ಟು ಪುಟ್ಟ ರಾಜ್ಯಕ್ಕೆ ಮಡಿಕೇರಿ ರಾಜಧಾನಿ. ರಾಜಧಾನಿಯ ಕಾನ್ವೆಂಟಿನಲ್ಲಿ ಬೋರ್ಡಿಂಗಿನಲ್ಲಿದ್ದು ಓದಿದವಳು ಎಂಬ ಜಂಬ ನನಗೆ ಸ್ವಲ್ಪ ಇತ್ತು. ಅಪ್ಪ ಸುಂಟಿಕೊಪ್ಪದ ಕಡೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರು. ನನಗೆ ಬರುತ್ತಿದ್ದುದು ಕಸೂತಿ, ಕ್ಯಾರಮೆಲ್ ಪುಡ್ಡಿಂಗು, ಮತ್ತು ಮೇಜಿನ ಮೇಲೆ ಚಮಚವನ್ನು ಯಾವ ಕಡೆ ಇಡಬೇಕೆಂಬ ಜ್ಞಾನ. ಮದುವೆಯಾಗಿ ಸೇರಿದ್ದು ಕುಶಾಲನಗರದಿಂದ ಮೂರು ಮೈಲಿ ದೂರದ ಒಂದು ರಾಗಿ-ಭತ್ತದ ಮನೆಗೆ. ಅಲ್ಲಿ ಮೇಜೇ ಇರಲಿಲ್ಲ.

ನನ್ನ ಜೊತೆ ಆ ಮನೆಗೆ ಒಂದು ತಂತಿಬಲೆಯ ಬೀರು ಬಂತು. ಹಾಲು, ಮೊಸರು, ಮಿಕ್ಕ ಅನ್ನ ಇಡುವಂಥದ್ದು. ಎಸ್ಟೇಟಿನ ದೊರೆಯ ಬಂಗಲೆಯಲ್ಲಿ ಕಂಡದ್ದನ್ನು ಅಪ್ಪ ಅಲ್ಲಿನ ಬಡಗಿಗೆ ತೋರಿಸಿ, ಬೀಟೆ ಮರದ ತುಂಡುಗಳನ್ನು ಒಂದೊಂದಾಗಿ ಕೂಡಿಹಾಕಿ, ಎರಡು ವರ್ಷ ಕಾದು ಮಾಡಿಸಿದ್ದರು. ಹಸಿರು ಬಣ್ಣ, ಹಿತ್ತಾಳೆಯ ಕೊಂಡಿ, ನಾಲ್ಕು ಕಾಲಿಗೆ ನಾಲ್ಕು ಪಿಂಗಾಣಿ ಬಟ್ಟಲು. ಆದರೆ ಅತ್ತೆಯ ಮನೆಯಲ್ಲಿ ಹಾಲು ಮೊಸರು ಸೂರಿನಿಂದ ತೂಗುವ ನೆಲುವಿನಲ್ಲಿ ಸುಖವಾಗಿದ್ದವು. ಹಾಗಾಗಿ ಬೀರು ನಡುಮನೆಯಲ್ಲಿ ನಿಂತು ನನ್ನ ಕಸೂತಿಯ ಬಟ್ಟೆಗಳನ್ನು ಇರುವೆಗಳಿಂದ ಕಾಪಾಡುತ್ತಿತ್ತು.

ಇನ್ನು ಅತ್ತೆಯ ಬಗ್ಗೆ ಹೇಳಬೇಕು. ಹಾಸನದ ಕಡೆಯಿಂದ ನೆಲ ಹುಡುಕಿಕೊಂಡು ಗಾಡಿಯಲ್ಲಿ ಬಂದ ಸಂಸಾರ ಅದು. ಹೊರಡುವ ದಿನ ಅತ್ತೆಯ ಅವ್ವ ಒಂದು ಹ್ಯಾಟೆ ಕೋಳಿಯನ್ನು ಮಂಕರಿಯಲ್ಲಿಟ್ಟು, ತನ್ನ ಹಳೆಯ ಸೀರೆಯ ತುಂಡು ಮುಚ್ಚಿ ಕೊಟ್ಟರಂತೆ. ಕತ್ತಿನಲ್ಲಿ ಪುಕ್ಕವೇ ಇಲ್ಲದ, ಕೆಂಪಗೆ ಬೋಳಾದ ಕತ್ತಿನ ಜಾತಿ. ನೋಡಲು ಅಷ್ಟೇನೂ ಚಂದವಿಲ್ಲ. ನಾನು ಮೊದಲ ಸಲ ಕಂಡಾಗ ಯಾರೋ ಅರ್ಧ ಪುಕ್ಕ ಕಿತ್ತು ಮರೆತಿದ್ದಾರೆ ಅಂದುಕೊಂಡಿದ್ದೆ. ಆ ಅವ್ವ ಹೋಗಿ, ಅಣ್ಣತಮ್ಮಂದಿರು ಪಾಲಾಗಿ, ತವರಿನ ಮನೆ ಬೇರೆಯವರ ಕೈ ಸೇರಿತ್ತು. ಉಳಿದದ್ದು ಈ ಕೋಳಿಗಳ ಸಂತಾನ. ಊರಿನ ಯಾವ ಕೋಳಿ ಎಲ್ಲಿ ಮೇಯುತ್ತಿದ್ದರೂ ಬೋಳು ಕತ್ತು ಕಂಡರೆ ಅತ್ತೆಯ ಮುಖ ಸಡಿಲವಾಗುತ್ತಿತ್ತು.

ನಾನು ಹೋದಾಗ ಅಂಥವು ಏಳು ಇದ್ದವು. ಮೊದಲ ಸುಗ್ಗಿ ಮುಗಿಯುವುದರೊಳಗೆ ಒಂದು ಉಳಿಯಿತು, ಕೆಂಚಿ.

ಕಳ್ಳರು ಇಬ್ಬರು. ಹಗಲು ಮುಂಗುಸಿ, ಕತ್ತಲಾದ ಮೇಲೆ ಕಾಡುಬೆಕ್ಕು. ಕೋಳಿಗಳನ್ನು ಮಂಕರಿಯಡಿ ಕವುಚಿ ಮೇಲೆ ಕಲ್ಲಿಟ್ಟರೂ ಅಡಿಯಿಂದ ಕೆರೆದು ಎಳೆಯುತ್ತಿದ್ದವು. ಅತ್ತೆ ಸಂಜೆ ಮಂಕರಿಯ ಸುತ್ತ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿ, ಬೆಳಿಗ್ಗೆ ಕುಕ್ಕರಗಾಲಲ್ಲಿ ಕೂತು ಹೆಜ್ಜೆ ಓದುತ್ತಿದ್ದರು. ನಾನು ಇಂಗ್ಲಿಷ್ ಓದಬಲ್ಲೆ, ಬೂದಿ ಓದಲಾರೆ. ಅವರೋ ಬೂದಿಯಲ್ಲಿ ಬಂದವರು ಯಾರು, ಯಾವ ಕಡೆಯಿಂದ, ಎಷ್ಟು ಹೊತ್ತು ಯೋಚನೆ ಮಾಡಿದರು ಎಲ್ಲವನ್ನೂ ಹೇಳುತ್ತಿದ್ದರು. ಆರನೆಯದು ಹೋದ ಬೆಳಿಗ್ಗೆ ಮಾತ್ರ ಬೂದಿಯ ಹತ್ತಿರ ಕೂರಲಿಲ್ಲ. ಕೆಂಚಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಸೊಪ್ಪು ಬಿಡಿಸಿದರು.

ಗಟ್ಟಿ ಗೂಡು ಕಟ್ಟೋಣವೆಂದು ನಾನು ನನ್ನ ಯಜಮಾನರಿಗೆ ಹೇಳಿದೆ. ತಂತಿಬಲೆಗೆ ಮೈಸೂರಿಗೆ ಹೋಗಬೇಕು, ಹಲಗೆಗಳು ಕೊಟ್ಟಿಗೆಯ ಮಾಡಿಗೆ ಬೇಕು, ಕೋಳಿಗಿಂತ ಗೂಡೇ ದುಬಾರಿಯಾಗುತ್ತದೆ ಎಂದು ಅವರು ನಕ್ಕರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವರ್ಷ ಮನೆಯಲ್ಲಿ ಮೊಳೆಯನ್ನೂ ನೆಟ್ಟಗೆ ಮಾಡಿ ಮತ್ತೆ ಬಳಸುತ್ತಿದ್ದೆವು.

ಆ ಮಧ್ಯಾಹ್ನ ನಡುಮನೆಯಲ್ಲಿ ಕೂತು ಬೀರುವನ್ನು ನೋಡಿದೆ. ಬೀರು ನನ್ನನ್ನು ನೋಡಿತು. ನಾಲ್ಕು ಕಾಲು, ಗಾಳಿಗೆ ಬಲೆ, ಬಾಗಿಲಿಗೆ ಕೊಂಡಿ. ಗೂಡಿಗೆ ಬೇಕಾದ್ದೆಲ್ಲ ಅದರಲ್ಲಿತ್ತು. ದೊಡ್ಡ ತ್ಯಾಗ ಮಾಡಿದೆ ಅಂತ ತಿಳಿಯಬೇಡಿ. ಅತ್ತೆಯಿಂದ ಒಂದು ಮೆಚ್ಚುಗೆಯ ಮಾತು ಗಿಟ್ಟಿಸಬೇಕೆಂಬ ಆಸೆ ಅರ್ಧಕ್ಕಿಂತ ಹೆಚ್ಚೇ ಇತ್ತು. ಕಸೂತಿಯನ್ನೆಲ್ಲ ತೆಗೆದು ಟ್ರಂಕಿಗೆ ತುಂಬಿ, ಬೀರುವನ್ನು ಎಳೆಯತೊಡಗಿದೆ. ಸದ್ದಿಗೆ ಅತ್ತೆ ಬಂದರು.

"ನಿಮ್ಮಪ್ಪ ಕೊಟ್ಟಿದ್ದು ಕಣವ್ವ ಅದು" ಅಂದರು.

"ಕೆಂಚೀನ ನಿಮ್ಮವ್ವ ಕೊಟ್ಟಿದ್ದಲ್ವಾ ಅತ್ತೆ" ಅಂದೆ.

ಅವರು ಸೆರಗು ಸಿಕ್ಕಿಸಿ ಬೀರುವಿನ ಇನ್ನೊಂದು ತುದಿ ಹಿಡಿದರು.

ಮುಂದಿನ ನಾಲ್ಕು ದಿನ ನಾವಿಬ್ಬರೂ ಬಡಗಿಗಳಾದೆವು. ನೊಣ ತಡೆಯುವ ಬಲೆ ಉಗುರಿಗೆ ಹರಿದುಹೋಗುತ್ತದೆಂದು ಅದರ ಹೊರಗೆ ಸೀಳಿದ ಬಿದಿರನ್ನು ಒತ್ತೊತ್ತಾಗಿ ಹೊಡೆದೆವು. ಅತ್ತೆಯದು ಬೆರಳಿನ ಅಳತೆ: ಎರಡು ಬೆರಳು ತೂರುವ ಸಂದಿನಲ್ಲಿ ಮುಂಗುಸಿ ತೂರುತ್ತದೆ, ಒಂದೇ ಬೆರಳಿನ ಸಂದು ಇರಬೇಕು. ಸೀಮೆಎಣ್ಣೆ ಡಬ್ಬಗಳನ್ನು ಬಿಚ್ಚಿ ತಟ್ಟಿ ಚಪ್ಪಟೆ ಮಾಡಿದ ತಗಡು ಮಾಡಿಗಾಯಿತು. ಮಿಕ್ಕ ತಗಡನ್ನು ಕಾಲುಗಳಿಗೆ ಸುತ್ತಿದೆವು, ಹತ್ತುವ ಬೆಕ್ಕು ಜಾರಬೇಕು. ಒಳಗಿನ ಒಂದು ಅಂತಸ್ತು ತೆಗೆದು ಸೀಬೆ ಕೊಂಬೆಯನ್ನು ಅಡ್ಡ ಕಟ್ಟಿದೆವು. ಹಿತ್ತಾಳೆಯ ಕೊಂಡಿಯನ್ನು ಪಂಜದಿಂದ ಎತ್ತಬಹುದೆಂದು ಅದಕ್ಕೊಂದು ಮರದ ಗೂಟ ತೂರಿಸಿದೆವು. ನನ್ನ ಹೆಬ್ಬೆರಳು ಎರಡು ಸಲ ಸುತ್ತಿಗೆಗೆ ಸಿಕ್ಕಿತು. ಕಾನ್ವೆಂಟಿನಲ್ಲಿ ಕಲಿತ ಮಾತಿನಲ್ಲೇ ಕೂಗಿಕೊಂಡೆ. ಏನಂದೆ ಎಂದು ಅತ್ತೆ ಕೇಳಿದರು, ದೇವರ ಹೆಸರು ಅಂದೆ.

ಕಡೆಗೆ ಬಟ್ಟಲುಗಳನ್ನು ಕಾಲಡಿ ಇಟ್ಟು ನೀರು ತುಂಬಿಸಿದೆ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ನೆಂಟ್ರಿಗೆ ಕಾಲಿಗೆ ನೀರು ಕೊಟ್ಟಂಗಾಯ್ತು. ಇನ್ನು ಎಲೆ ಅಡಿಕೆ ಇಡು" ಅಂದರು.

ಮೊದಲ ವಾರ ಬೂದಿಯ ತುಂಬ ಹೆಜ್ಜೆ. ಒಳಗೆ ಕೆಂಚಿ ಕ್ಷೇಮ. ನನ್ನ ಕತ್ತು ಕೋಳಿಯ ಕತ್ತಿನಷ್ಟೇ ನೀಳವಾಯಿತು. ತಪ್ಪು ಮಾಡಿದ್ದು ಇಲ್ಲೇ ನೋಡಿ. ನೆಲದಲ್ಲಿ ಮುಖ ಕಾಣಬೇಕು ಎನ್ನುವುದು ಕಾನ್ವೆಂಟಿನ ಸಿಸ್ಟರು ಕಲಿಸಿದ ಪಾಠ. ಬೆಳಿಗ್ಗೆ ಕೆಂಚಿ ಹೊರಗೆ ಇಳಿದದ್ದೇ ತಡ, ನಾನು ಗೂಡಿನ ಹುಲ್ಲು, ಹಿಕ್ಕೆ, ಉದುರಿದ ಪುಕ್ಕ ಎಲ್ಲ ಬಳಿದೆಸೆದು, ಫಿನೈಲ್ ಹಾಕಿ ತೊಳೆದು, ಒಣಗಿಸಿ, ಹೊಸ ಹುಲ್ಲು ಹಾಸುತ್ತಿದ್ದೆ. ದಿನಾ. ಒಂದು ದಿನವೂ ತಪ್ಪಿಸಲಿಲ್ಲ. ಕೆಂಚಿ ಸಂಜೆ ಬಾಗಿಲಿಗೆ ಬಂದು ಬೋಳು ಕತ್ತನ್ನು ಒಳಗೆ ಹಾಕಿ, ಹಿಂದೆ ಎಳೆದು, ಮತ್ತೆ ಹಾಕಿ, ತುಂಬ ಹೊತ್ತು ಅನುಮಾನಿಸಿ ಹತ್ತುತ್ತಿತ್ತು. ಹೊಸ ಮನೆಯ ಸಂಕೋಚ ಅಂದುಕೊಂಡೆ. ಸಂಕೋಚ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಕೆಂಚಿ ಬರಲಿಲ್ಲ.

ಅತ್ತೆ ಹಿತ್ತಿಲು, ಗದ್ದೆಯ ಬದು, ಹೊಳೆಯ ದಾರಿಯವರೆಗೂ ಕರೆಯುತ್ತ ಹೋದರು. ಮಾರನೆಯ ದಿನವೂ ಹೋದರು. ಪುಕ್ಕ ಸಿಗಲಿಲ್ಲ, ರಕ್ತವೂ ಇರಲಿಲ್ಲ. ಮೂರನೆಯ ದಿನ ಕರೆಯುವುದನ್ನು ನಿಲ್ಲಿಸಿ, ರಾಗಿ ಬೀಸುತ್ತ ಕೂತವರು ನನ್ನ ಕಡೆ ನೋಡದೆ, "ಹೋಗ್ಲಿ ಬಿಡವ್ವ, ಬೀರು ಕೊಟ್ಟೆಯಲ್ಲ, ಅಷ್ಟು ಸಾಕು" ಅಂದರು. ನಾನು ಕಾದಿದ್ದ ಮೆಚ್ಚುಗೆಯ ಮಾತು ಅದೇ. ಬಂದದ್ದು ಹೀಗೆ.

ಅಳು ಬಂದರೆ ಕಾಣಿಸದಿರಲೆಂದು ಹಸುವಿಗೆ ಹುಲ್ಲು ತರುವ ನೆವದಲ್ಲಿ ಮೆದೆಯ ಹತ್ತಿರ ಹೋದೆ. ಹಿಂಬದಿಯಿಂದ ಒಂದು ಹಿಡಿ ಹುಲ್ಲು ಎಳೆದೆ. ಒಳಗಿನಿಂದ ಯಾರೋ ನನ್ನನ್ನು ಬೈದರು. ಬಗ್ಗಿ ನೋಡಿದರೆ, ನೆಲಮಟ್ಟದ ಒಂದು ಪೊಟರೆಯಲ್ಲಿ ಕೆಂಪು ಕತ್ತು ಉಬ್ಬಿಸಿಕೊಂಡು ಕೆಂಚಿ ಕಾವು ಕೂತಿತ್ತು. ಮುಂಗುಸಿಗೆ ಎಲೆ ಹಾಕಿ ಬಡಿಸಿಟ್ಟ ಹಾಗೆ, ಯಾವ ತಡೆಯೂ ಇಲ್ಲದೆ.

ಓಡಿಬಂದು ಹೇಳಿದೆ. ಅತ್ತೆ ಮೆದೆಗೆ ಹೋಗುವ ಮೊದಲು ಗೂಡಿನ ಹತ್ತಿರ ಬಂದು, ಬಾಗಿಲು ತೆಗೆದು, ಕೆಂಚಿಯ ಹಾಗೆಯೇ ತಲೆಯನ್ನು ಒಳಗೆ ಹಾಕಿ, ಮೂಸಿ, ಹಿಂದೆ ಎಳೆದುಕೊಂಡರು.

"ಇದು ಆಸ್ಪತ್ರೆ ಕಣ್ ಮಗ" ಅಂದರು. "ತನ್ನ ವಾಸ್ನೆ ಇಲ್ದೆ ಹೋದ್ರೆ ಇದು ತನ್ನ ಮನೆ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಬೈಗುಳವಾಗಿರಲಿಲ್ಲ ಅದು, ನಿಜವಾಗಿ ಕೇಳಿದ ಪ್ರಶ್ನೆ.

ಗೂಡಿನ ಒಳಗೆಲ್ಲ ಬೂದಿ ಉಜ್ಜಿದರು. ನಾನು ಎಸೆದಿದ್ದ ಹಳೆಯ ಹುಲ್ಲು, ಪುಕ್ಕಗಳನ್ನು ತಿಪ್ಪೆಯಿಂದ ಆಯ್ದು ತರಿಸಿ ಹಾಸಿದರು. ಆಯ್ದವಳು ನಾನೇ, ಬರಿಗೈಯಲ್ಲಿ. ಹೊತ್ತು ಮುಳುಗುವಾಗ ಮೆದೆಯ ಪೊಟರೆಯೊಳಗೆ ಮೊರ ತೂರಿಸಿ, ಕೆಂಚಿ, ಮೊಟ್ಟೆ, ಅಡಿಯ ಹುಲ್ಲು, ಧೂಳು ಎಲ್ಲವನ್ನೂ ಒಟ್ಟಿಗೆ ಎತ್ತಿದರು. ಮೇಲೆ ತಮ್ಮ ಸೆರಗು ಮುಚ್ಚಿದರು. ಹಿತ್ತಿಲು ದಾಟುವಷ್ಟು ಹೊತ್ತೂ ತಗ್ಗಿದ ದನಿಯಲ್ಲಿ ಅದರ ಜೊತೆ ಏನೋ ಮಾತಾಡುತ್ತಿದ್ದರು. ಗೂಡಿನೊಳಗೆ ಮೊರವನ್ನೇ ಇಟ್ಟು ಗೂಟ ಹಾಕಿದ ಮೇಲೆ ನನ್ನ ಕಡೆ ತಿರುಗಿ, ಮರಿಯಾಗುವವರೆಗೆ ನನ್ನ ಫಿನೈಲ್ ಸೀಸೆ ತಮ್ಮ ಹತ್ತಿರ ಇರಲಿ ಎಂದು ಇಸಿದುಕೊಂಡು ಅಟ್ಟದ ಮೇಲೆ ಇಟ್ಟರು. ಅದು ಆಮೇಲೆ ಕೆಳಗೆ ಬರಲೇ ಇಲ್ಲ. ನಾನೂ ಕೇಳಲಿಲ್ಲ.

ಕೆಂಚಿ ಎದ್ದು ಹೋಗಲಿಲ್ಲ. ಬೆಳಿಗ್ಗೆ ಬೂದಿಯಲ್ಲಿ ಬೆಕ್ಕಿನ ಹೆಜ್ಜೆ ಗೂಡನ್ನು ಮೂರು ಸುತ್ತು ಹಾಕಿತ್ತು. ತಗಡಿನ ಮೇಲೆ ಉಗುರು ಜಾರಿದ ಗೀರು. ಆ ದಿನ ಹೆಜ್ಜೆ ಓದಿದವಳು ನಾನು, ತಪ್ಪಾದಲ್ಲಿ ಅತ್ತೆ ತಿದ್ದಿದರು. ಮೊಟ್ಟೆ ಒಡೆದಾಗ ಏಳು ಮರಿ. ನಾನು ಮರಿ ಎಣಿಸಿದೆ, ಅತ್ತೆ ಕತ್ತು ಎಣಿಸಿದರು. ನಾಲ್ಕಕ್ಕೆ ಕತ್ತು ಬೋಳು.

ಆಮೇಲೆ ಒಂದು ದಿನ ಅಪ್ಪ ಬಂದರು. ಬೀರು ಎಲ್ಲಿ ಎಂದು ಅವರ ಕಣ್ಣು ನಡುಮನೆಯಲ್ಲೆಲ್ಲ ಓಡಾಡಿತು. ಅತ್ತೆಯೇ ಅವರನ್ನು ಹಿತ್ತಿಲಿಗೆ ಕರೆದೊಯ್ದರು. ಹಸಿರು ಬಣ್ಣದ ಮೇಲೆ ಹಿಕ್ಕೆಯ ಬಿಳಿ ಗೆರೆಗಳು.

"ಬೀಗ್ರೇ, ನಿಮ್ಮ ಬೀರು ನನ್ನ ತವರನ್ನ ಉಳಿಸ್ಕೊಡ್ತು" ಅಂದರು ಅತ್ತೆ.

ಅಪ್ಪ ಬಗ್ಗಿ, ತಗಡು ಸುತ್ತಿದ ಕಾಲನ್ನು ಹಿಡಿದು ಅಲ್ಲಾಡಿಸಿ ನೋಡಿದರು. ಎದ್ದು ಕೈ ಒರೆಸಿಕೊಂಡು, "ಕಾಲು ಗಟ್ಟಿ ಇದೆ" ಅಂದರು. ಹೊರಡುವಾಗ ಅತ್ತೆ ಅವರ ಕೈಗೊಂದು ಪುಟ್ಟ ಮಂಕರಿ ಕೊಟ್ಟರು, ಸೀರೆಯ ತುಂಡು ಮುಚ್ಚಿ. ರೈಟರು ಕೋಟು ಹಾಕಿಕೊಂಡು ಬಸ್ಸಿನಲ್ಲಿ ಬೋಳು ಕತ್ತಿನ ಹ್ಯಾಟೆಮರಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋದರು. ಕೆಲವು ವರ್ಷಗಳಾದ ಮೇಲೆ ಆ ಎಸ್ಟೇಟಿನ ಆಳುಗಳ ಲೈನುಮನೆಗಳ ಮುಂದೆಲ್ಲ ಬೋಳು ಕತ್ತುಗಳೇ ಓಡಾಡುತ್ತಿದ್ದವು.

ಹೊರಗೆ ಗೇಟಿನ ಸದ್ದಾಯಿತು. ಸೊಸೆ ಬಂದಳು. ಸೋಪಿನ ನೊರೆ, ಖಾಲಿ ಹಲಗೆ, ನೆಲದ ಮೇಲೆ ಕೂತ ತನ್ನ ಅತ್ತೆ, ಎಲ್ಲವನ್ನೂ ನೋಡಿದಳು. ಭರಣಿ ಇರಬೇಕಾದ ಜಾಗದ ಮೇಲೆ ಅವಳ ಕಣ್ಣು ಒಂದು ಗಳಿಗೆ ನಿಂತು, ಬೇರೆ ಕಡೆ ಹೋಯಿತು. ಕೇಳಲಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೆಯೇ ಏನನ್ನೂ ಕೇಳುತ್ತಿರಲಿಲ್ಲ.

ಎದ್ದು ಹಲಗೆಯ ನೊರೆಯನ್ನು ಒರೆಸಿದೆ. ಜಗಲಿಗೆ ಹೋಗಿ ಭರಣಿಯನ್ನು ಎರಡು ಕೈಯಲ್ಲಿ ಹೊತ್ತು ತಂದು ಅದರ ಜಾಗದಲ್ಲೇ ಇಟ್ಟೆ. ಪಕ್ಕದಲ್ಲಿ ಒಡೆದ ಬಟ್ಟಲು.

"ಅತ್ತೆ, ಒಳಗೆಲ್ಲ ವಾಸ್ನೆ ಬರ್ತದಲ್ಲ" ಅಂದಳು ಮೆಲ್ಲಗೆ.

"ಬರಲಿ ಮಗ" ಅಂದೆ.